ಆ ಜಾಗವೇ ಸಮ ಇಲ್ಲ

2023ರ ದೀಪಾವಳಿ ಮುಗಿದ ಮರುವಾರ ನಮ್ಮೂರಿನ ಮೂವರು ಹುಡುಗರು ರಶೀದಿ ಪುಸ್ತಕ ಹಿಡಿದುಕೊಂಡು ಮನೆಗೆ ಬಂದರು. ಮೂವರೂ ನನ್ನ ಹಳೆಯ ವಿದ್ಯಾರ್ಥಿಗಳೇ. ಹೆದ್ದಾರಿಯ ಕ್ರಾಸಿನಲ್ಲಿ ಒಂದು ಶಾಂತಿಹೋಮ ಮಾಡಿಸುವುದೆಂದು ತೀರ್ಮಾನವಾಗಿದೆ, ಅದಕ್ಕೆ ಮನೆಮನೆಯಿಂದ ವಂತಿಗೆ ಎತ್ತುತ್ತಿದ್ದೇವೆ ಎಂದರು. ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಹದಿನೈದು ದಿನಗಳ ಹಿಂದೆ ಅದೇ ಕ್ರಾಸಿನಲ್ಲಿ ಅವರದೇ ಓರಗೆಯ ಹುಡುಗನೊಬ್ಬ ಬೈಕಿನಲ್ಲಿ ರಸ್ತೆ ದಾಟುವಾಗ ಕಾರಿಗೆ ಸಿಕ್ಕಿ ತೀರಿಕೊಂಡಿದ್ದ. ಅವನೂ ನನ್ನ ಕೈಕೆಳಗೆ ಕಲಿತವನೇ. ಪರೀಕ್ಷೆಯಲ್ಲಿ ಶರಾವತಿ ನದಿಯ ಉಗಮಸ್ಥಾನವನ್ನು ಮೂರು ಸಲ ತಪ್ಪು ಬರೆದು, ನಾಲ್ಕನೆಯ ಸಲ ಸರಿ ಬರೆದು ನನ್ನೆದುರು ಹಲ್ಲು ಕಿರಿದು ನಿಂತಿದ್ದ ಹುಡುಗ.

‘ಆ ಜಾಗವೇ ಸಮ ಇಲ್ಲ ಅಕ್ಕೋರೆ. ಎಂತದೋ ಉಂಟು ಅಲ್ಲಿ’ ಎಂದ ಮೂವರಲ್ಲಿ ದೊಡ್ಡವನು.

ನಾನು ಐನೂರು ರೂಪಾಯಿ ಕೊಟ್ಟು ರಶೀದಿ ಪಡೆದೆ. ಹೋಮದ ದಿನ ಹೋಗಿ ಕೈಮುಗಿದೂ ಬಂದೆ. ಆದರೆ ಆ ಹುಡುಗ ಆಡಿದ ಮಾತು ತಲೆಯಿಂದ ಹೋಗಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮೂಢನಂಬಿಕೆಯ ವಿರುದ್ಧ ಪಾಠ ಮಾಡಿದವಳು ನಾನು. ಆ ಅಭ್ಯಾಸದ ಬಲದಿಂದ ಅವನ ಮಾತನ್ನು ತಳ್ಳಿಹಾಕಬೇಕೆಂದು ಎಷ್ಟು ಯೋಚಿಸಿದರೂ ಕೊನೆಗೆ ನನಗೆ ಹೊಳೆದದ್ದು ಒಂದೇ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಆ ಜಾಗ ಸಮ ಇಲ್ಲ. ಅಲ್ಲಿ ‘ಎಂತದೋ’ ಇದ್ದದ್ದೂ ಹೌದು. ಆದರೆ ಅದು ಹೋಮಕ್ಕೆ ಹೆದರಿ ಓಡುವಂಥದ್ದಲ್ಲ.

ಕಾಸರಕೋಡ ಎಂದರೆ ಹೊರಗಿನವರು ಕೇರಳದ ಕಾಸರಗೋಡು ಎಂದೇ ತಿಳಿಯುತ್ತಾರೆ. ನಮ್ಮದು ಹೊನ್ನಾವರ ತಾಲೂಕಿನದು. ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ಸಿಗುವ ಊರು. ಒಂದು ಕಡೆ ಸಮುದ್ರ, ಮೀನುಗಾರರ ಕೇರಿಗಳು, ಟೊಂಕ. ಇನ್ನೊಂದು ಕಡೆ ತೋಟ, ಗದ್ದೆ, ಗುಡ್ಡ. ನಡುವೆ ಊರನ್ನು ಎರಡಾಗಿ ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ. ನಾವು ಚಿಕ್ಕವರಿದ್ದಾಗ ಅದರ ನಂಬರು 17. 2010ರಲ್ಲಿ ಅದು 66 ಆಯಿತು. ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಹೋಗುವ ರಸ್ತೆ ಇದು ಎಂದು ನಕಾಶೆಯಲ್ಲಿ ಬೆರಳಿಟ್ಟು ನಾನೇ ಮಕ್ಕಳಿಗೆ ತೋರಿಸಿದ್ದೇನೆ. ನಕಾಶೆ ಮಾಡುವವರಿಗೆ ಅದು ಪನವೇಲಿಗೂ ಕನ್ಯಾಕುಮಾರಿಗೂ ನಡುವಿನ ರಸ್ತೆ. ನಮಗೆ ಅದು ಮನೆಗೂ ಶಾಲೆಗೂ ನಡುವಿನ, ಧಕ್ಕೆಗೂ ಪೇಟೆಗೂ ನಡುವಿನ ರಸ್ತೆ. ಅವರು ಅದರ ಉದ್ದಕ್ಕೆ ಹೋಗುತ್ತಾರೆ, ನಾವು ಅದನ್ನು ಅಡ್ಡ ದಾಟುತ್ತೇವೆ. ಉದ್ದಕ್ಕೆ ಹೋಗುವವರ ಅನುಕೂಲವನ್ನು ಯೋಚಿಸಿದಷ್ಟು ಅಡ್ಡ ದಾಟುವವರ ಜೀವವನ್ನು ಯಾರೂ ಯೋಚಿಸಲಿಲ್ಲ ಎಂಬುದೇ ನನ್ನ ಮೊದಲ ತಕರಾರು.

ಚತುಷ್ಪಥ ಬೇಡವೆಂದು ನಾನು ಹೇಳುತ್ತಿಲ್ಲ. ಹಳೆಯ ಇಕ್ಕಟ್ಟಿನ ರಸ್ತೆಯಲ್ಲಿ ಎದುರುಬದಿರು ಡಿಕ್ಕಿಯಾಗಿ ಸತ್ತವರನ್ನೂ ನಾನು ಬಲ್ಲೆ. ಆದರೆ ರಸ್ತೆ ಅಗಲವಾದ ಮೇಲೆ ನಮ್ಮ ಕ್ರಾಸಿಗೆ ಏನಾಯಿತು ನೋಡಿ. ಮೊದಲು ಹದಿನೈದು ಹೆಜ್ಜೆಯಲ್ಲಿ ದಾಟುತ್ತಿದ್ದ ರಸ್ತೆಗೆ ಈಗ ನಲವತ್ತು ಹೆಜ್ಜೆ ಬೇಕು. ಎರಡು ಬದಿಯ ವಾಹನಗಳನ್ನು ಬೇರೆ ಬೇರೆ ಲೆಕ್ಕ ಹಾಕಿ ದಾಟಬೇಕು. ನಡುವಿನ ವಿಭಾಜಕದಲ್ಲಿ ಒಬ್ಬ ಮುದುಕಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಿಲ್ಲುವಷ್ಟು ಜಾಗವಿಲ್ಲ. ಟೆಂಪೋಗಳು ನಿಲ್ಲುವುದು ಸರಿಯಾಗಿ ಕ್ರಾಸಿನ ಬಾಯಿಯಲ್ಲೇ, ಹಾಗಾಗಿ ಒಳರಸ್ತೆಯಿಂದ ಬರುವವನಿಗೆ ಹೆದ್ದಾರಿ ಕಾಣುವುದಿಲ್ಲ, ಹೆದ್ದಾರಿಯವನಿಗೆ ಒಳರಸ್ತೆ ಕಾಣುವುದಿಲ್ಲ. ಅದೂ ಸಾಲದೆಂದು ಮೂಲೆಯಲ್ಲಿ ಯಾರದೋ ಹುಟ್ಟುಹಬ್ಬದ್ದೋ ಕ್ರಿಕೆಟ್ ಪಂದ್ಯಾವಳಿಯದ್ದೋ ಬ್ಯಾನರು. ನಗುನಗುತ್ತ ಕೈಮುಗಿದು ನಿಂತ ಆ ಮುಖದ ಹಿಂದೆ ಒಂದು ಇಡೀ ಲಾರಿ ಅಡಗಿರುತ್ತದೆ. ರಾತ್ರಿ ದೀಪ ಉರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಬಿಳಿಪಟ್ಟೆ ಅಳಿಸಿಹೋದರೆ ಮತ್ತೆ ಬರೆಯುವ ಹೊತ್ತಿಗೆ ಮುಂದಿನ ಮಳೆಗಾಲ ಬಂದಿರುತ್ತದೆ.

2020ರಲ್ಲಿ ನಮ್ಮ ಕಾಸರಕೋಡಿನ ಕಡಲತೀರಕ್ಕೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆಯಿತು. ಪಡುಬಿದ್ರಿಗೂ ನಮಗೂ ಒಟ್ಟಿಗೇ ಸಿಕ್ಕಿದ ಗೌರವ. ಹೆಮ್ಮೆಯ ಸಂಗತಿಯೇ ಸರಿ. ಅಂದಿನಿಂದ ಶನಿವಾರ ಭಾನುವಾರ ಬಂತೆಂದರೆ ಊರಿನ ಪರಿಚಯವಿಲ್ಲದವರ ಕಾರುಗಳು ಬರುತ್ತವೆ. ಅವರಿಗೆ ಎಲ್ಲಿ ತಿರುಗಬೇಕೆಂದು ಗೊತ್ತಿಲ್ಲ. ಗೊತ್ತಿಲ್ಲದವರು ಈಗ ಗೂಡಂಗಡಿಯ ಮುಂದೆ ನಿಲ್ಲಿಸಿ ಕೇಳುವುದಿಲ್ಲ, ಫೋನಿನ ನಕ್ಷೆ ನೋಡುತ್ತಾರೆ. ನಮ್ಮ ಹುಡುಗನಿಗೆ ಗುದ್ದಿದ ಕಾರಿನವರೂ ಫೋನು ನೋಡುತ್ತಿದ್ದರೆಂದು ಊರಲ್ಲಿ ಹೇಳುತ್ತಾರೆ. ಅದು ನಿಜವೋ ಸುಳ್ಳೋ ತನಿಖೆ ಮಾಡುವವರು ಹೇಳಬೇಕು. ಆದರೆ ಅದರಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಮನುಷ್ಯ ರಸ್ತೆಯಲ್ಲಿ ಫೋನು ನೋಡುವುದು ಎಲ್ಲಿ? ನೇರ ರಸ್ತೆಯಲ್ಲಿ ಅವನಿಗೆ ನಕ್ಷೆ ಬೇಕಿಲ್ಲ. ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆ ಏಳುವುದು ಕ್ರಾಸಿನಲ್ಲಿ. ‘ಎಲ್ಲಿಗೆ ಬಂದೆ?’ ಎಂದು ಮನೆಯವರಿಗೆ ಉತ್ತರ ಕೊಡುವುದೂ ಕ್ರಾಸು ಹತ್ತಿರವಾದಾಗ. ವೇಗ ಸ್ವಲ್ಪ ತಗ್ಗಿತೆಂದು ಬಂದ ಸಂದೇಶದ ಮೇಲೆ ಕಣ್ಣಾಡಿಸುವುದೂ ಅಲ್ಲೇ. ಅಂದರೆ ಯಾವ ಜಾಗದಲ್ಲಿ ಎರಡು ಕಣ್ಣೂ ರಸ್ತೆಯ ಮೇಲೆ ಇರಬೇಕೋ ಸರಿಯಾಗಿ ಅದೇ ಜಾಗದಲ್ಲಿ ಕಣ್ಣು ಅಂಗೈಗೆ ಇಳಿಯುತ್ತದೆ. ಕ್ರಾಸಿನ ಸಮಸ್ಯೆ ಬೇರೆ, ಫೋನಿನ ಸಮಸ್ಯೆ ಬೇರೆ ಎಂದು ತಿಳಿದವರು ಎರಡನ್ನೂ ತಿಳಿದಿಲ್ಲ. ಮುನ್ನೂರು ಮೀಟರ್ ಮೊದಲೇ ದೊಡ್ಡ ಅಕ್ಷರದಲ್ಲಿ ‘ಕಡಲತೀರಕ್ಕೆ ದಾರಿ’ ಎಂದು ಫಲಕವಿದ್ದರೆ ಪರಊರಿನವರಿಗೆ ಫೋನು ನೋಡುವ ಪ್ರಮೇಯವೇ ಇಲ್ಲ.

ಇಷ್ಟು ಹೇಳಿ ಬೇರೆಯವರ ಮೇಲೆ ಬೆರಳು ತೋರಿಸಿ ಮುಗಿಸಬಹುದಿತ್ತು. ಆದರೆ ಈ ಬರಹ ಬರೆಯಲು ಕುಳಿತದ್ದೇ ನನ್ನದೊಂದು ತಪ್ಪನ್ನು ಹೇಳಿಕೊಳ್ಳುವುದಕ್ಕೆ.

2022ರ ಜುಲೈ. ನಮ್ಮ ಕರಾವಳಿಯ ಮಳೆ ಗೊತ್ತಲ್ಲ, ಹನ್ನೊಂದು ಗಂಟೆಗೆ ಶಾಲೆ ಬಿಡಬೇಕೆಂದು ಸೂಚನೆ ಬಂತು. ನಡೆದು ಹೋಗುವ ದೊಡ್ಡ ಮಕ್ಕಳು ಕೊಡೆ ಬಿಡಿಸಿಕೊಂಡು ಹೊರಟರು. ಆಟೋದಲ್ಲಿ ಹೋಗುವ ಚಿಕ್ಕ ಮಕ್ಕಳು ಜಗಲಿಯಲ್ಲಿ ಒದ್ದೆಯಾಗಿ ನಿಂತಿದ್ದರು. ಆಟೋ ಬರಲಿಲ್ಲ. ನಾನು ಚಾಲಕನಿಗೆ ಫೋನು ಮಾಡಿದೆ. ಹೋಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲ ಎತ್ತಿದ. ‘ಎಲ್ಲಿದ್ಯೋ ಮಾರಾಯಾ? ಮಕ್ಕಳು ಕಾಯ್ತಾ ಇದ್ದಾರೆ’ ಎಂದು ಗದರಿದೆ. ‘ಈಗ ಬಂದೆ ಅಕ್ಕೋರೆ, ಕ್ರಾಸಲ್ಲಿ ತಿರುಗ್ತಾ ಇದ್ದೆ’ ಎಂದ. ಮುಂದಿನ ಮಾತಿಲ್ಲ. ಒಂದು ಸದ್ದು, ಆಮೇಲೆ ಯಾರೋ ಕೂಗಿದ್ದು, ಆಮೇಲೆ ಮಳೆಯ ಸದ್ದು ಮಾತ್ರ.

ಕ್ರಾಸಿನಲ್ಲಿ ಕೊಡೆ ಹಿಡಿದು ದಾಟುತ್ತಿದ್ದ ನಮ್ಮದೇ ಎಂಟನೆಯ ತರಗತಿಯ ಹುಡುಗಿಗೆ ಆಟೋ ಬಡಿದಿತ್ತು. ಹತ್ತೇ ನಿಮಿಷದ ಮೊದಲು ‘ಹುಷಾರಾಗಿ ಹೋಗು’ ಎಂದು ನಾನೇ ಕಳಿಸಿದ್ದ ಹುಡುಗಿ. ಜೀವ ಉಳಿಯಿತು, ತೊಡೆಯ ಮೂಳೆ ಮುರಿಯಿತು. ಆ ವರ್ಷ ಅವಳು ಶಾಲೆಗೆ ಬರಲಿಲ್ಲ. ಊರಿನವರೆಲ್ಲ ಆಟೋದವನನ್ನು ಬೈದರು. ಫೋನಿನಲ್ಲಿ ಮಾತಾಡುತ್ತಿದ್ದನಂತೆ, ಬುದ್ಧಿ ಬೇಡವೇ ಎಂದರು. ಯಾರ ಜೊತೆ ಮಾತಾಡುತ್ತಿದ್ದ ಎಂದು ಒಬ್ಬರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಹುಡುಗಿಯ ತಾಯಿ, ದಿನವೂ ಬುಟ್ಟಿ ಹೊತ್ತು ಮೀನು ಮಾರುವವಳು, ನನ್ನ ಕೈಹಿಡಿದು ‘ಎಂತ ಮಾಡೂದು ಅಕ್ಕೋರೆ, ಹಣೆಬರ’ ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

ಹಾಗೆ ತಲೆಯಾಡಿಸಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಫೋನು ಮಾಡಿದ್ದು ಅವಸರದ ತಪ್ಪು. ತಲೆಯಾಡಿಸಿದ್ದು ತಿಳಿದೂ ಮಾಡಿದ ತಪ್ಪು. ಅವಳ ಹಣೆಯಲ್ಲಿ ಏನು ಬರೆದಿತ್ತೋ ನನಗೆ ತಿಳಿಯದು. ಆಟೋದವನ ಫೋನಿನಲ್ಲಿ ಮೂರು ಸಲ ಬರೆದಿದ್ದದ್ದು ನನ್ನ ಹೆಸರು. ಆರು ತಿಂಗಳ ನಂತರ ಧೈರ್ಯ ಮಾಡಿ ಅವರ ಮನೆಗೆ ಹೋಗಿ ಹೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ಮಕ್ಕಳ ಸಲುವಾಗಿಯೇ ಮಾಡಿದ್ದಲ್ದಾ’ ಎಂದು ಚಹಾ ಮಾಡಲು ಒಳಗೆ ಹೋದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾವು ಇಂಥದ್ದನ್ನೆಲ್ಲ ‘ವಿಧಿ’ ಎಂದು ಕರೆದು ಕೈತೊಳೆದುಕೊಳ್ಳುತ್ತೇವೆ. ವಿಧಿಯ ಮೇಲೆ ದೂರು ದಾಖಲಿಸುವ ಹಾಗಿಲ್ಲ, ಅದಕ್ಕೆ ವರ್ಗಾವಣೆ ಇಲ್ಲ, ಅದು ಮರುಮಾತಾಡುವುದಿಲ್ಲ. ಎಲ್ಲರಿಗೂ ಅನುಕೂಲವಾದ ಆರೋಪಿ. ಸಾವು ಮನುಷ್ಯನ ಕೈಯಲ್ಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದೇ ಕ್ರಾಸಿನಲ್ಲಿ, ಒಂದೇ ಮೂಲೆಯಲ್ಲಿ, ಒಂದೇ ರೀತಿಯಲ್ಲಿ ವರ್ಷವರ್ಷವೂ ಬರುವ ಸಾವಿಗೆ ವಿಧಿ ಎನ್ನುವುದು ವಿಧಿಗೆ ಮಾಡುವ ಅವಮಾನ. ಭಾರತ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ದಿನಕ್ಕೆ ನಾನೂರ ಅರವತ್ತರ ಮೇಲಾಯಿತು. ಇಷ್ಟು ಜನರ ಹಣೆಯನ್ನು ಒಂದೇ ಅಕ್ಷರದಲ್ಲಿ ಬರೆಯಲು ಬ್ರಹ್ಮನಿಗಾದರೂ ಪುರುಸೊತ್ತು ಎಲ್ಲಿದೆ?

ಆ ಘಟನೆಯ ನಂತರ ನಮ್ಮ ಶಾಲೆಯ ಗಣಿತದ ಮಾಸ್ತರೂ ನಾನೂ ಸೇರಿ ಮಕ್ಕಳಿಂದ ಒಂದು ಲೆಕ್ಕ ಮಾಡಿಸಿದೆವು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಎಷ್ಟು ದೂರ ಹೋಗುತ್ತದೆ? 22 ಮೀಟರ್. ಫೋನಿನಲ್ಲಿ ಹೆಸರು ನೋಡಿ, ಎತ್ತಲೋ ಬೇಡವೋ ಎಂದು ಯೋಚಿಸಿ, ಮತ್ತೆ ರಸ್ತೆ ನೋಡಲು ಮೂರು ಸೆಕೆಂಡು ಎಂದಿಟ್ಟುಕೊಳ್ಳಿ. 66 ಮೀಟರ್. ಕ್ರಿಕೆಟ್ ಆಡುವ ಹುಡುಗರಿಗೆ ಪಿಚ್ಚಿನ ಉದ್ದ ಸುಮಾರು 20 ಮೀಟರ್ ಎಂದು ಗೊತ್ತಿತ್ತು. ಮೂರು ಪಿಚ್ಚಿಗಿಂತ ಹೆಚ್ಚು ದೂರ ಕಣ್ಣುಮುಚ್ಚಿ ಓಡಿದ ಹಾಗೆ. ಅಂಗಳದಲ್ಲಿ ಸುಣ್ಣದ ಗೆರೆ ಹಾಕಿ ಅಷ್ಟು ದೂರವನ್ನು ತೋರಿಸಿದಾಗ ಯಾವಾಗಲೂ ಗಲಾಟೆ ಮಾಡುವ ಹುಡುಗರೂ ಸುಮ್ಮನಾದರು. ರಸ್ತೆ ಕಟ್ಟುವವರಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಹಾಕಿಕೊಟ್ಟ ಅಳತೆಯೊಂದಿದೆ. 80 ಕಿ.ಮೀ. ವೇಗದಲ್ಲಿ ಬರುವ ಚಾಲಕನಿಗೆ ಅಡ್ಡ ಬಂದದ್ದನ್ನು ಕಂಡು ವಾಹನ ನಿಲ್ಲಿಸಲು 120 ಮೀಟರ್ ಮುಂದಿನ ರಸ್ತೆ ಕಾಣಬೇಕು. ಕಂಡದ್ದನ್ನು ಗ್ರಹಿಸಿ ಬ್ರೇಕಿನ ಮೇಲೆ ಕಾಲಿಡುವ ಎರಡೂವರೆ ಸೆಕೆಂಡು ಈ ಲೆಕ್ಕದೊಳಗೇ ಸೇರಿದೆ. ಫೋನು ನೋಡುವ ಮೂರು ಸೆಕೆಂಡು ಸೇರಿಲ್ಲ. ಈ 120ರಲ್ಲಿ ಬ್ಯಾನರಿನವರು ಒಂದಿಷ್ಟು, ಟೆಂಪೋದವರು ಒಂದಿಷ್ಟು, ಫೋನಿನವನು 66 ಮೀಟರ್ ಕದ್ದರೆ ಉಳಿಯುವುದೆಷ್ಟು? ಉಳಿದ ಲೆಕ್ಕವನ್ನು ರಸ್ತೆ ದಾಟುವವನು ತನ್ನ ಮೈಯಿಂದ ತೀರಿಸಬೇಕಾಗುತ್ತದೆ.

‘ನಾನು ಎರಡೂ ಮಾಡಬಲ್ಲೆ, ನನಗೆ ಅಭ್ಯಾಸವಿದೆ’ ಎನ್ನುವವರು ಬಹಳ ಜನ. ಇವರನ್ನು ಕಂಡಾಗ ನನಗೆ ಅಷ್ಟಾವಧಾನ ನೆನಪಾಗುತ್ತದೆ. ಎಂಟು ಮಂದಿ ಪೃಚ್ಛಕರು ಎಂಟು ಬಗೆಯ ಪ್ರಶ್ನೆ ಹಾಕುವಾಗ ಎಲ್ಲವನ್ನೂ ನೆನಪಿಟ್ಟು ಉತ್ತರಿಸುವ ವಿದ್ಯೆ ಅದು. ಎಷ್ಟೋ ವರ್ಷದ ಸಾಧನೆ ಬೇಕು. ಆ ಎಂಟರಲ್ಲಿ ಒಬ್ಬನಿಗೆ ಅಪ್ರಸ್ತುತ ಪ್ರಸಂಗಿ ಎಂದು ಹೆಸರು. ನಡುನಡುವೆ ಸಂಬಂಧವಿಲ್ಲದ ಮಾತೆತ್ತಿ ಅವಧಾನಿಯ ಚಿತ್ತ ಕೆಡಿಸುವುದೇ ಅವನ ಕೆಲಸ. ನಮ್ಮ ಕಿಸೆಯಲ್ಲಿರುವ ಫೋನು ಆ ಅಪ್ರಸ್ತುತ ಪ್ರಸಂಗಿಯೇ. ವ್ಯತ್ಯಾಸವೆಂದರೆ ಅವಧಾನಿ ವೇದಿಕೆಯ ಮೇಲೆ ಚಕ್ಕಳಮಕ್ಕಳ ಕೂತಿರುತ್ತಾನೆ, ತಪ್ಪಿದರೆ ಒಂದು ಪದ್ಯ ಕೆಡುತ್ತದೆ. ನಮ್ಮ ಹೆದ್ದಾರಿಯ ಅವಧಾನಿಗಳು ತಪ್ಪಿದರೆ ಕೆಡುವುದು ಯಾರದೋ ಮನೆ.

ಕಿವಿಗೆ ಸಿಕ್ಕಿಸಿಕೊಂಡು ಮಾತಾಡಿದರೆ ತೊಂದರೆಯಿಲ್ಲ, ಕೈ ಖಾಲಿ ಇರುತ್ತದಲ್ಲ ಎಂದು ಓದಿದವರೂ ವಾದಿಸುತ್ತಾರೆ. ಕೈ ಖಾಲಿ, ತಲೆ ಖಾಲಿಯಲ್ಲವಲ್ಲ. ತರಗತಿಯಲ್ಲಿ ಕಿಟಕಿಯ ಹೊರಗೆ ಮನಸ್ಸಿಟ್ಟ ಹುಡುಗನ ಕಣ್ಣು ಕಪ್ಪುಹಲಗೆಯ ಮೇಲೆಯೇ ಇರುತ್ತದೆ, ಆದರೆ ಅವನಿಗೆ ಏನೂ ಕಾಣುವುದಿಲ್ಲ. ಇದು ಪ್ರತಿಯೊಬ್ಬ ಮಾಸ್ತರಿಗೂ ಗೊತ್ತು. ಫೋನು ಬಳಸುತ್ತ ವಾಹನ ನಡೆಸುವವರು ಅಪಘಾತಕ್ಕೆ ಸಿಕ್ಕುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದೂ, ಕೈಯಲ್ಲಿ ಹಿಡಿಯದೆ ಮಾತಾಡುವುದು ಅದಕ್ಕಿಂತ ಹೆಚ್ಚೇನೂ ಸುರಕ್ಷಿತವಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ.

ಕಾನೂನು ಇಲ್ಲವೇ ಎಂದರೆ, ಇದೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಚಾಲನೆ ಮಾಡುತ್ತ ಫೋನು ಕೈಯಲ್ಲಿ ಹಿಡಿದರೆ ಅದು ಕಲಂ 184ರ ಪ್ರಕಾರ ಅಪಾಯಕಾರಿ ಚಾಲನೆ. ಮೊದಲ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಸಾವಿರದಿಂದ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. 2020ರ ಅಕ್ಟೋಬರಿನಿಂದ ದಾರಿ ನೋಡುವುದಕ್ಕಷ್ಟೇ ಫೋನಿಗೆ ಅನುಮತಿ, ಅದೂ ಚಾಲಕನ ಏಕಾಗ್ರತೆ ಕೆಡದ ಹಾಗೆ. ಕ್ರಾಸಿನ ಹತ್ತಿರ ಬಂದಾಗ ವೇಗ ತಗ್ಗಿಸಬೇಕು, ಅಲ್ಲಿರುವವರಿಗೆ ಅಪಾಯವಿಲ್ಲವೆಂದು ಖಾತ್ರಿಯಾಗದೆ ಒಳನುಗ್ಗಬಾರದು ಎಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ನಮ್ಮ ಹೆದ್ದಾರಿಯಲ್ಲಿ ಕ್ರಾಸು ಕಂಡು ವೇಗ ತಗ್ಗಿಸಿದವನಿಗೆ ಹಿಂದಿನವನು ಹಾರ್ನು ಹೊಡೆದು ಬಯ್ಯುತ್ತಾನೆ.

ಅದೇ ತಿದ್ದುಪಡಿಯ ಇನ್ನೆರಡು ಕಲಮುಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಕಲಂ 199ಎ: ಅಪ್ರಾಪ್ತ ವಯಸ್ಸಿನವರು ವಾಹನದಿಂದ ಅಪರಾಧ ಮಾಡಿದರೆ ಪಾಲಕರಿಗೋ ವಾಹನದ ಮಾಲೀಕರಿಗೋ ಮೂರು ವರ್ಷದವರೆಗೆ ಸೆರೆವಾಸ ಮತ್ತು 25 ಸಾವಿರ ರೂಪಾಯಿ ದಂಡ. ಒಳ್ಳೆಯದೇ. ಹೈಸ್ಕೂಲಿನ ಮಗನ ಕೈಗೆ ಸ್ಕೂಟರಿನ ಕೀಲಿ ಕೊಟ್ಟು ‘ನಮ್ಮ ಮಾಣಿ ಬಹಳ ಚುರುಕು’ ಎನ್ನುವ ತಂದೆಯರು ಇದನ್ನು ಓದಲಿ. ಕಲಂ 198ಎ: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿಯಾದ ಸುರಕ್ಷತಾ ಮಾನದಂಡ ಪಾಲಿಸದೆ, ಅದರಿಂದ ಸಾವೋ ಅಂಗವೈಕಲ್ಯವೋ ಆದರೆ, ಹೊಣೆಗಾರರಾದ ಅಧಿಕಾರಿಗಳಿಗೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ. ಅಷ್ಟೇ, ಸೆರೆವಾಸದ ಮಾತಿಲ್ಲ. ಕೀಲಿ ಕೊಟ್ಟ ತಂದೆಗೆ ಜೈಲು, ಕುರುಡು ಕ್ರಾಸು ಕೊಟ್ಟವರಿಗೆ ದಂಡ. ಆ ದಂಡದ ಕಲಮನ್ನಾದರೂ ಯಾರಾದರೂ ಎತ್ತಿದ್ದನ್ನು ನಮ್ಮೂರಿನಲ್ಲಿ ನಾನು ಈವರೆಗೆ ಕೇಳಿಲ್ಲ. ಅಂಥದ್ದೊಂದು ಕಲಮು ಇದೆ ಎಂಬುದೇ ನಮ್ಮ ಜನರಿಗೆ ಗೊತ್ತಿಲ್ಲ. ಗೊತ್ತಾಗಲೆಂದೇ ಇಲ್ಲಿ ಬರೆಯುತ್ತಿದ್ದೇನೆ.

‘ನಮ್ಮ ಜನಕ್ಕೆ ಶಿಸ್ತಿಲ್ಲ ಮೇಡಂ, ಎಲ್ಲೆಂದರಲ್ಲಿ ದಾಟುತ್ತಾರೆ, ಉಲ್ಟಾ ಬರುತ್ತಾರೆ’ ಎಂದು ಅಧಿಕಾರಿಯೊಬ್ಬರು ನನಗೆ ಪಾಠ ಹೇಳಿದರು. ಉಲ್ಟಾ ಬರುವುದು ತಪ್ಪು, ಒಪ್ಪಿದೆ. ಆದರೆ ಯಾಕೆ ಬರುತ್ತಾರೆಂದು ಒಂದು ದಿನ ನಿಂತು ನೋಡಿದ್ದೀರಾ? ತಿರುಗುವ ಜಾಗ ಒಂದು ಕಿಲೋಮೀಟರ್ ದೂರವಿಟ್ಟರೆ ಕಾರಿನವನಿಗೆ ಅದು ಒಂದು ನಿಮಿಷ. ತಲೆಯ ಮೇಲೆ ಭಾರ ಹೊತ್ತ ಹೆಂಗಸಿಗೆ ಹೋಗಿಬರಲು ಅರ್ಧ ಗಂಟೆ, ಅಷ್ಟರಲ್ಲಿ ಮೀನಿನ ಬೆಲೆ ಇಳಿದಿರುತ್ತದೆ. ಸಾವಿರಾರು ಜನ ದಿನವೂ ಒಂದೇ ಕಡೆ ‘ತಪ್ಪು’ ಮಾಡುತ್ತಿದ್ದಾರೆಂದರೆ ತಪ್ಪು ಜನರದ್ದೋ ಜಾಗದ್ದೋ ಎಂದು ಕೇಳಬೇಕಾಗುತ್ತದೆ. ಇಡೀ ತರಗತಿ ಒಂದೇ ಪ್ರಶ್ನೆಗೆ ತಪ್ಪು ಉತ್ತರ ಬರೆದರೆ ನಾವು ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡುತ್ತೇವೆ.

ಸ್ವೀಡನ್ ದೇಶದ ಸಂಸತ್ತು 1997ರಲ್ಲಿ ಒಂದು ನೀತಿಯನ್ನು ಒಪ್ಪಿತು. ರಸ್ತೆಯಲ್ಲಿ ಯಾರೂ ಸಾಯಬಾರದು, ಗುರಿ ಸೊನ್ನೆ. ಮನುಷ್ಯ ತಪ್ಪು ಮಾಡುವವನೇ, ಆ ತಪ್ಪಿಗೆ ಮರಣದಂಡನೆ ಆಗದ ಹಾಗೆ ರಸ್ತೆ ಕಟ್ಟುವುದು ಕಟ್ಟುವವರ ಹೊಣೆ ಎಂಬುದು ಅದರ ಸಾರ. ನೇರ ಕೂಡುರಸ್ತೆಗಳಿದ್ದಲ್ಲಿ ವೃತ್ತಗಳನ್ನು ಮಾಡಿದರು. ವೃತ್ತದಲ್ಲಿ ಬೇಡವೆಂದರೂ ವೇಗ ಇಳಿಸಲೇಬೇಕು. ವೇಗ ಅರ್ಧವಾದರೆ ಬ್ರೇಕು ಹಾಕಿದ ಮೇಲೆ ವಾಹನ ಓಡುವ ದೂರ ಕಾಲುಭಾಗಕ್ಕೆ ಇಳಿಯುತ್ತದೆ. ಇದು ಸ್ವೀಡನ್ನಿಗೂ ಕಾಸರಕೋಡಿಗೂ ಒಂದೇ. ‘ಅದು ಶ್ರೀಮಂತ ದೇಶ’ ಎನ್ನಬೇಡಿ. ಕ್ರಾಸಿನ ಮೊದಲು ವೇಗ ತಗ್ಗಿಸುವ ಉಬ್ಬುಪಟ್ಟಿ, ಬಿಳಿ ಬಣ್ಣ, ನಾಲ್ಕು ದೀಪ, ಎರಡು ಫಲಕ, ನಡುವೆ ನಿಲ್ಲಲು ಒಂದಿಷ್ಟು ಜಾಗ, ಟೆಂಪೋ ನಿಲ್ದಾಣವನ್ನು ಕ್ರಾಸಿನಿಂದ ಐವತ್ತು ಹೆಜ್ಜೆ ಆಚೆ ಸರಿಸುವುದು, ಬ್ಯಾನರು ಕೀಳುವುದು. ಇದರಲ್ಲಿ ಯಾವುದಕ್ಕೆ ಸ್ವೀಡನ್ನಿನ ಖಜಾನೆ ಬೇಕು? ಇದರಿಂದ ಪ್ರಯಾಣ ತಡವಾಗುತ್ತದೆ ಎನ್ನುವವರಿಗೂ ಲೆಕ್ಕವಿದೆ. ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವಾಗ ಹತ್ತು ಕ್ರಾಸುಗಳಲ್ಲಿ ಅರ್ಧರ್ಧ ನಿಮಿಷ ನಿಧಾನಿಸಿದರೆ ಹೋಗುವುದು ಐದು ನಿಮಿಷ. ಆ ಐದು ನಿಮಿಷವನ್ನು ನಾವು ಚಹಾದಂಗಡಿಯಲ್ಲಿ ಯಾರನ್ನೂ ಕೇಳದೆ ಕಳೆಯುತ್ತೇವೆ.

2024ರ ಜುಲೈ 16ರಂದು ಇದೇ ಹೆದ್ದಾರಿಯಲ್ಲಿ ಅಂಕೋಲಾದ ಶಿರೂರಿನ ಗುಡ್ಡ ಕುಸಿದಾಗ ಇಡೀ ದೇಶ ನೋಡಿತು. ಮಂತ್ರಿಗಳು ಬಂದರು, ಕ್ಯಾಮರಾಗಳು ಬಂದವು. ಬರಬೇಕಾದದ್ದೇ. ಆದರೆ ಕುಮಟೆಯ ಗಿಬ್ ಸರ್ಕಲ್, ಹೊನ್ನಾವರದ ಗೇರುಸೊಪ್ಪ ಸರ್ಕಲ್, ಮುರ್ಡೇಶ್ವರಕ್ಕೆ ತಿರುಗುವ ಬಸ್ತಿ, ಭಟ್ಕಳದ ಶಂಸುದ್ದೀನ್ ಸರ್ಕಲ್, ಇವುಗಳ ನಡುವಿನ ಹೆಸರಿಲ್ಲದ ಹತ್ತಾರು ಕ್ರಾಸುಗಳಲ್ಲಿ ಒಬ್ಬೊಬ್ಬರಾಗಿ ಸಾಯುವವರಿಗೆ ಯಾವ ಕ್ಯಾಮರಾ ಬರುತ್ತದೆ? ಅವರಿಗೆ ಬರುವುದು ನಮ್ಮದೇ ಫೋನುಗಳ ಕ್ಯಾಮರಾ. ಬಿದ್ದವನನ್ನು ಎತ್ತುವ ಮೊದಲು ವಿಡಿಯೋ ತೆಗೆಯುವ ಜನರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ನೋಡಲೆಂದು ನಿಧಾನಿಸಿ, ತಾವೂ ಫೋನು ಎತ್ತಿದ ಬೈಕಿನವರನ್ನೂ ಕಂಡಿದ್ದೇನೆ.

ದುಡಿದು ತಿನ್ನುವವರ ಕಷ್ಟ ನನಗೆ ತಿಳಿಯದ್ದಲ್ಲ. ಆಟೋದವರಿಗೆ ಬಾಡಿಗೆ ಬರುವುದೇ ಫೋನಿನಲ್ಲಿ, ಮೀನಿನ ಗಾಡಿಯವರಿಗೆ ಧಕ್ಕೆಯ ದರ ತಿಳಿಯುವುದೂ ಫೋನಿನಲ್ಲೇ. ಅವರು ಎತ್ತದಿದ್ದರೆ ಬಾಡಿಗೆ ಇನ್ನೊಬ್ಬನಿಗೆ ಹೋಗುತ್ತದೆ. ಅದಕ್ಕೇ ನಾನು ಹೇಳುವುದು, ಈ ರೋಗಕ್ಕೆ ಮದ್ದು ಅರ್ಧ ಎತ್ತುವವನ ಕೈಯಲ್ಲಿ, ಅರ್ಧ ಮಾಡುವವರ ಕೈಯಲ್ಲಿ. ದಾರಿಯಲ್ಲಿ ಇರುವವನಿಗೆ ಬಿಡದೆ ಫೋನು ಮಾಡುವವರು ಯಾರು? ‘ಎಲ್ಲಿಗೆ ಬಂದ್ರಿ’ ಎಂದು ಗಂಡನಿಗೆ ಕೇಳುವ ನಾವು, ‘ಬರುವಾಗ ಕೊತ್ತಂಬರಿ ಸೊಪ್ಪು’ ಎನ್ನುವ ನಾವು, ಸಾಮಾನು ಯಾಕೆ ಬಂದಿಲ್ಲವೆಂದು ಗದರುವ ವ್ಯಾಪಾರಿ, ಮೀಟಿಂಗಿಗೆ ಯಾಕೆ ತಡವೆಂದು ಕೇಳುವ ಮೇಲಧಿಕಾರಿ, ಮಕ್ಕಳು ಕಾಯುತ್ತಿದ್ದಾರೆ ಎನ್ನುವ ಅಕ್ಕೋರು. ಒಮ್ಮೆ ಎತ್ತದಿದ್ದರೆ ಮತ್ತೊಮ್ಮೆ, ಮಗದೊಮ್ಮೆ. ಎತ್ತದಿದ್ದುದಕ್ಕೆ ಸಿಟ್ಟು ಬೇರೆ. ಎತ್ತದೆ ಇರುವವನು ಎಷ್ಟೋ ಜನರ ಜೀವ ಉಳಿಸುತ್ತಿದ್ದಾನೆ ಎಂದು ನಮಗೆ ಹೊಳೆಯುವುದೇ ಇಲ್ಲ.

ನಮ್ಮ ಶಾಲೆಯಲ್ಲಿ ಈಗ ಒಂದು ಕಟ್ಟು ಮಾಡಿಕೊಂಡಿದ್ದೇವೆ. ಮಕ್ಕಳನ್ನು ಕರೆದೊಯ್ಯುವ ಚಾಲಕರಿಗೆ ಓಡಾಟದ ಹೊತ್ತಿನಲ್ಲಿ ಶಾಲೆಯಿಂದ ಯಾರೂ ಫೋನು ಮಾಡುವುದಿಲ್ಲ. ತಡವಾದರೆ ಮಕ್ಕಳ ಜೊತೆ ಒಬ್ಬ ಶಿಕ್ಷಕರು ಕಾಯುತ್ತಾರೆ. ಹೊರಡುವ ಮೊದಲು ಚಾಲಕರೇ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ, ಆಮೇಲೆ ಫೋನು ಸೀಟಿನ ಕೆಳಗಿನ ಡಬ್ಬಿಗೆ. ಪಾಲಕರ ಸಭೆಯಲ್ಲಿ ಇದನ್ನು ಹೇಳುವಾಗ ನನ್ನ ಕಥೆಯನ್ನೂ ಹೇಳಿದೆ. ಯಾರಿಗೆ ಫೋನು ಮಾಡಿದರೂ ಮೊದಲ ಮಾತು ‘ಗಾಡಿ ಹೊಡೀತಾ ಇದ್ರಾ?’ ಎಂದು ಕೇಳಿ, ಹೌದೆಂದರೆ ಆ ಕ್ಷಣವೇ ಇಡಿ ಎಂದೆ. ಕೆಲವರು ನಕ್ಕರು, ಕೆಲವರು ಪಾಲಿಸುತ್ತಿದ್ದಾರೆ. ಸಣ್ಣ ಕೆಲಸವೇ. ಆದರೆ ಯಾವ ಮಂಜೂರಾತಿಯೂ ಬೇಕಿಲ್ಲದ ಕೆಲಸ.

ಮಂಜೂರಾತಿ ಬೇಕಾದ ಕೆಲಸಕ್ಕೆ ಮನವಿ ಬರೆದೆವು. ಹೋಮಕ್ಕೆ ವಂತಿಗೆ ಎತ್ತಿದ ಆ ಮೂವರು ಹುಡುಗರನ್ನೇ ಕರೆದು, ‘ಜಾಗ ಸಮ ಇಲ್ಲ ಎಂದಿರಲ್ಲ, ಎಲ್ಲೆಲ್ಲಿ ಸಮ ಇಲ್ಲ ಎಂದು ಅಳೆದು ಕೊಡಿ’ ಎಂದೆ. ಟೇಪು ಹಿಡಿದು ಎರಡು ಭಾನುವಾರ ನಿಂತು ಅಳೆದರು. ಬ್ಯಾನರು ಎಲ್ಲಿ, ಟೆಂಪೋ ಎಲ್ಲಿ, ದೀಪವಿಲ್ಲದ ಕಂಬ ಯಾವುದು ಎಂದು ನಕಾಶೆ ಮಾಡಿದರು. ಓದುವಾಗ ಒಂದು ನಕಾಶೆಯನ್ನೂ ನೆಟ್ಟಗೆ ಬಿಡಿಸದ ಹುಡುಗರು! ಆ ನಕಾಶೆಯ ಮೇಲೆ ಹೋಮಕ್ಕೆ ವಂತಿಗೆ ಕೊಟ್ಟ ಮನೆಗಳವರೆಲ್ಲ ರುಜು ಹಾಕಿದರು. ಮೀನು ಮಾರುವ ಆ ತಾಯಿ ಹೆಬ್ಬೆಟ್ಟು ಒತ್ತಿದಳು. ಈಗ ಸ್ವಲ್ಪ ಕುಂಟುತ್ತ ನಡೆಯುವ ಅವಳ ಮಗಳು ದುಂಡಗಿನ ಅಕ್ಷರದಲ್ಲಿ ಹೆಸರು ಬರೆದಳು.

ಮೂರು ತಿಂಗಳಾದ ಮೇಲೆ ಕಚೇರಿಯಿಂದ ಹಿಂಬರಹ ಬಂತು: ‘ಪರಿಶೀಲಿಸಿ ಕ್ರಮ ವಹ���ಸಲಾಗುವುದು.’ ಯಾವಾಗ ಎಂದು ಅದರಲ್ಲಿ ಇರಲಿಲ್ಲ. ಹಾಗಾಗಿ ಮತ್ತೆ ಬರೆದಿದ್ದೇವೆ, ಈ ಸಲ ಕಲಂ 198ಎ ಎಂದು ಮೇಲೆಯೇ ನಮೂದಿಸಿ. ಬ್ಯಾನರನ್ನಂತೂ ಹುಡುಗರೇ ಕಿತ್ತರು. ಹಾಕಿಸಿದವರು ಬಂದು ಜಗಳ ಮಾಡಿದರು, ಹುಡುಗರು ಜಗ್ಗಲಿಲ್ಲ. ಈಗ ಆ ಮೂಲೆಯಲ್ಲಿ ನಿಂತರೆ ಸೇತುವೆಯ ಕಡೆಯಿಂದ ಬರುವ ಲಾರಿ ದೂರದಿಂದಲೇ ಕಾಣುತ್ತದೆ.